ತೊಟ್ಟಿಗೆ ಹೊದಿಸಿದ ಕಂಬಳಿ

ಮಾರ್ಚ್ ೧೨, ಮಂಗಳವಾರ

ಕಂಬಳಿ ಎತ್ತಲು ಕೈ ಬರುತ್ತಿಲ್ಲ.

ಅಕ್ಕ ಆಸ್ಪತ್ರೆ ಸೇರಿ, ಅವಳ ಮೀನಿನ ತೊಟ್ಟಿ ನನ್ನ ಪಾಲಿಗೆ ಬಂದ ಎರಡೇ ವಾರದಲ್ಲಿ ಒಳಗಿನ ಗಿಡಗಳ ಮೇಲೆಲ್ಲ ಕೂದಲಿನಂಥ ಪಾಚಿ. ಎಷ್ಟು ಕಿತ್ತರೂ ಮತ್ತೆ ಹಾಜರ್. "ಲೈಟ್ ಆರಿಸಿ ಮೂರು ದಿನ ಕಂಬಳಿ ಮುಚ್ಚಿಬಿಡಿ. ಮಧ್ಯೆ ಇಣುಕಿದ್ರೆ ಎಲ್ಲಾ ವೇಸ್ಟು," ಅಂದಿದ್ದ ಮೀನಿನಂಗಡಿಯವನು.

ಎರಡು ದಿನ ಇಣುಕಲಿಲ್ಲ. ಈಗ ಟಾರ್ಚ್ ಹುಡುಕುತ್ತ ತೊಟ್ಟಿಯ ಕೆಳಗಿನ ಬೀರು ತೆರೆದರೆ, ಗಿಡಗಳಿಗೆಂದು ಇಟ್ಟ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ಗುಳ್ಳೆಗಳು ಹೋಗುತ್ತಲೇ ಇವೆ. ಅದರ ವಾಲ್ವ್ ಮುಚ್ಚುವುದನ್ನೇ ಮರೆತಿದ್ದೇನೆ! ಕತ್ತಲಲ್ಲಿ ಗಿಡಗಳು ಅದನ್ನು ಮುಟ್ಟುವುದಿಲ್ಲ. ನೀರಿನಲ್ಲೇ ಉಳಿದು ಮೀನಿನ ಉಸಿರು ಕಟ್ಟಿಸುತ್ತದೆ. ಅಕ್ಕ ನೂರು ಸಲ ಹೇಳಿದ್ದಳು. ನನ್ನ ತಲೆಯಲ್ಲೇನು ಮಣ್ಣು ತುಂಬಿದೆಯೇ?

ವಾಲ್ವ್ ತಿರುಗಿಸಿ, ಗಾಳಿಯ ಪಂಪು ಹಾಕಿ, ಇಲ್ಲಿ ಬಂದು ಕೂತೆ.

ಟಾರ್ಚ್ ಹುಡುಕಿದ್ದೇ ಸಂಜೆ ಬಂದಿದ್ದ ಅಕ್ಕನ ಫೋನಿನಿಂದಾಗಿ. "ನಮ್ಮ ಅಜ್ಜಿ ಹೇಗಿದ್ದಾಳೆ?" ಅಜ್ಜಿ ಎಂದರೆ ಅವಳ ಒಂಬತ್ತು ವರ್ಷದ ಮೀನು.

"ಹಾಯಾಗಿದ್ದಾಳೆ ಬಿಡು."

"ಬೆಳಿಗ್ಗೆ ಏಳಕ್ಕೆ ಆಪರೇಷನ್. ಅದಕ್ಕೆ ಮುಂಚೆ ಅವಳದ್ದೊಂದು ಫೋಟೋ ಕಳಿಸು, ನೋಡ್ಕೊಂಡು ಒಳಗೆ ಹೋಗ್ತೀನಿ."

ಹೂಂ ಅಂದೆ.

ನನ್ನ ಹೆಜ್ಜೆಯ ಸದ್ದಿಗೇ ಅಜ್ಜಿ ಬಂದು ಗಾಜಿಗೆ ಮೂತಿ ಕುಟ್ಟುತ್ತಿದ್ದಳು. ಆ ಟಕ್ ಟಕ್‌ಗಾಗಿ ಕಿವಿಗೊಟ್ಟು ಬರೆಯುತ್ತಿದ್ದೇನೆ. ಪಂಪಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಬರೆಯುತ್ತಿರುವಷ್ಟು ಹೊತ್ತು ಅಜ್ಜಿ ಬದುಕಿರುತ್ತಾಳೆ. ಈ ಪುಟದಲ್ಲಿ ಇನ್ನು ಎರಡು ಸಾಲಿಗೆ ಜಾಗವಿದೆ. ಅಕ್ಷರ ಚಿಕ್ಕದು ಮಾಡಿದರೆ ಮೂರು