ನಮ್ಮ ನಳದ ಬಾಂಧವ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ

ಸಮಾಜವಿಜ್ಞಾನವನ್ನೂ ಸರಕಾರದ ನೀತಿಯನ್ನೂ ಒಂದೇ ಮಂಟಪದಲ್ಲಿ ಕೂರಿಸಿ ಅಕ್ಷತೆ ಹಾಕುತ್ತಿರುವ ವಿಶ್ವವಿದ್ಯಾಲಯ ಸಂಶೋಧನಾ ಕೇಂದ್ರದ ಘನ ನಿರ್ದೇಶಕರೇ,

ಮೂರನೆಯ ಗಂಟೆ ಬಾರಿಸಿಯಾಯಿತು, ಪರದೆ ಎತ್ತುತ್ತಿದ್ದೇನೆ, ಕೇಳಿ! ತಾವು ನಮ್ಮ ಚಾಳನ್ನು ಹೊಗಳಿದಿರಿ. ಆದ್ದರಿಂದ ನಮ್ಮ ಮನೆಗಳಿಗೆ ನೀರಿಲ್ಲ. ಬೈಸಿಕೊಂಡು ಕೆಟ್ಟವರನ್ನು ನಾನು ರಂಗದ ಮೇಲೆ ಬೇಕಾದಷ್ಟು ನೋಡಿದ್ದೇನೆ. ಹೊಗಳಿಸಿಕೊಂಡು ಬಾಯಾರಿದವರು ಭೂಮಂಡಲದಲ್ಲಿ ನಾವೇ ಮೊದಲಿಗರಿರಬೇಕು.

ನಾನು ನಾಟಕ ಕಂಪನಿಯ ಡೇರೆಯಲ್ಲಿ ಬೆಳೆದವನು. ಮೀಸೆ ಮೂಡುವ ಮೊದಲೇ ರಾಕ್ಷಸನಾಗಿ ಗರ್ಜಿಸಿದವನು. ಈಗ ಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ, ವಾಸ ಡೊಂಬಿವಲಿಯ ಮೂರು ಮಾಳಿಗೆಯ ಚಾಳಿನ ನೆತ್ತಿಯಲ್ಲಿ. ಇಡೀ ಚಾಳಿಗೆ ಅಂಗಳದಲ್ಲಿ ಒಂದೇ ನಳ. ಅದರಲ್ಲಿ ಬೆಳಿಗ್ಗೆ ಒಂದು ತಾಸು ನೀರು, ಉಳಿದ ಕಾಲ ಗಾಳಿಯ ಆಲಾಪನೆ. ಹರ್ನಿಯಾ ಆಪರೇಷನ್ ಆದ ಮೇಲೆ ಡಾಕ್ಟರು ನನಗೆ ಎತ್ತಲು ಬಿಟ್ಟಿರುವುದು ದನಿಯೊಂದನ್ನೇ. ಹೆಂಡತಿ ರುದ್ರವ್ವನ ಮೊಣಕಾಲು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಹೀಗಾಗಿ ಕೊಡ ಹೊರುವವಳು ಮಗಳು ನೀಲಗಂಗಾ. ನೀರು ಬರುವ ಹೊತ್ತೂ ಅವಳು ಕೆಲಸಕ್ಕೆಂದು ಠಾಣೆ ಪಟ್ಟಣಕ್ಕೆ ಹೋಗುವ ಲೋಕಲ್ ರೈಲು ಬರುವ ಹೊತ್ತೂ ಒಂದೇ. ಇದೇ ಈ ನಾಟಕದ ತಿರುಳು; ನೆನಪಿಟ್ಟುಕೊಳ್ಳಿ.

ಕಳೆದ ಚಳಿಗಾಲದಲ್ಲಿ ತಮ್ಮ ಕೇಂದ್ರದ ಇಬ್ಬರು ತರುಣರು ನಮ್ಮ ನಳದ ಸರದಿಯನ್ನು ಅಭ್ಯಾಸ ಮಾಡಲು ಬಂದರು. ಅವರು ಗೇಟು ದಾಟಿದ ಕ್ಷಣದಲ್ಲಿ ಅಂಗಳದಲ್ಲಿ ಯಾವ ಅಂಕ ನಡೆದಿತ್ತು ಬಲ್ಲಿರಾ? ನಮ್ಮ ಕಡೆಯ ಗಿರಿಜವ್ವ ಉಡುಪಿಯ ಮುಕ್ತಾ ಅವರ ಜಡೆಯನ್ನು ಎಡಗೈಗೆ ಸುತ್ತಿಕೊಂಡು, ಬಲಗಾಲಿನಿಂದ ಅವರ ಕೊಡವನ್ನು ಗಟಾರದ ಕಡೆಗೆ ಬೀಳ್ಕೊಡುತ್ತಿದ್ದರು. ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿದ ಇಬ್ಬರು ಪರಸ್ಥಳದವರು ಕಂಡರು. ಮನೆಗೆ ಬಂದವರ ಮುಂದೆ ಜಗಳವೇ? ಶಿವಶಿವಾ! ಜಡೆ ಹಿಡಿದ ಕೈಯೇ ಜಡೆಯನ್ನು ನೇವರಿಸತೊಡಗಿತು.

"ಎಷ್ಟ್ ಉದ್ದ ಕೂದ್ಲವ್ವಾ ನಿಂದು! ಏನ್ ಎಣ್ಣಿ ಹಚ್ತೀ?"

"ಎಂತದೂ ಇಲ್ಲ ಗಿರಿಜಕ್ಕ, ಬರೀ ತೆಂಗಿನೆಣ್ಣೆ," ಎಂದು ಮುಕ್ತಾ ಕಣ್ಣೀರು ಒರೆಸಿಕೊಂಡು ನಕ್ಕರು.

ನೀರಿಗಾಗಿ ಜಗಳಗಳಾಗುತ್ತವೆಯೇ ಎಂದು ತರುಣರು ಹಿಂದಿಯಲ್ಲಿ ಕೇಳಿದರು. "ಝಗಡಾ? ನೈ ನೈ! ಹಮ್ ಸಬ್ ಬೆಹೆನ್ ಬೆಹೆನ್!" ಎಂದು ಗಿರಿಜವ್ವ ಕೈ ಆಡಿಸಿ ಎಲ್ಲರನ್ನೂ ಅಕ್ಕತಂಗಿಯರನ್ನಾಗಿ ಮಾಡಿದರು. ತಮ್ಮವರು ಚಹಾ ಕುಡಿದರು, ಉಪ್ಪಿಟ್ಟು ತಿಂದರು, ವಾರವಿಡೀ ಬಂದರು. ವಾರವಿಡೀ ನಮ್ಮ ಅಂಗಳದಲ್ಲಿ ರಾಮರಾಜ್ಯ! ಅವರು ಕೊನೆಯ ಸಲ ಕೈಮುಗಿದು ಗೇಟು ದಾಟಿದ್ದೇ ತಡ, ಕೂಡಿಟ್ಟ ಅಷ್ಟೂ ಜಗಳ ಒಂದೇ ಪ್ರಯೋಗದಲ್ಲಿ ಮುಗಿಯಿತು. ನನ್ನ ಆಯುಷ್ಯದಲ್ಲಿ ಅಂಥ ಯುದ್ಧದ ಸೀನು ಯಾವ ಕಂಪನಿಯಲ್ಲೂ ಕಂಡಿಲ್ಲ. ಅದನ್ನು ನೋಡಲು ತಮ್ಮವರಿರಬೇಕಿತ್ತು, ಮಾನ್ಯರೇ. ಇದ್ದಿದ್ದರೆ ಅದು ನಡೆಯುತ್ತಲೇ ಇರಲಿಲ್ಲವಲ್ಲ!

ಆಮೇಲೆ ತಮ್ಮ ವರದಿ ಬಂತು. ಇಂಗ್ಲಿಷಿನಲ್ಲಿದ್ದುದನ್ನು ನೀಲಗಂಗಾ ನಮಗೆ ಓದಿ ಹೇಳಿದಳು. ನಮ್ಮ ಸರದಿ ಭಾಷೆ, ಜಾತಿ, ಪ್ರಾಂತಗಳನ್ನು ಮೀರಿದ ಬಾಂಧವ್ಯದ ಕೇಂದ್ರವಂತೆ. ಮನೆಮನೆಗೆ ನಳ ಕೊಟ್ಟರೆ ಈ ಬಾಂಧವ್ಯ ಸಡಿಲಾಗುವ ಭಯವಿದೆಯಂತೆ. ಆದ್ದರಿಂದ ನಗರಸಭೆಯ ಆ ಯೋಜನೆಯನ್ನು ಸದ್ಯಕ್ಕೆ ಕೈಬಿಡುವುದು ಲೇಸಂತೆ! ಅಯ್ಯಾ, ನಮ್ಮ ಗೇಟಿನ ಬಳಿ ಆ ನಳಗಳ ಪೈಪುಗಳು ಆಗಲೇ ಬಂದು ಬಿದ್ದಿದ್ದವು. ನಾನೇ ಒಂದರ ಬಾಯಿಗೆ ಬಾಯಿ ಇಟ್ಟು ಗರ್ಜಿಸಿ, ಇನ್ನೊಂದು ತುದಿಯಲ್ಲಿ ನನ್ನದೇ ಗಾಂಭೀರ್ಯ ಹೊರಬರುವುದನ್ನು ಕೇಳಿ ಸುಖಿಸಿದ್ದೆ. ಒಂದು ಮಧ್ಯಾಹ್ನ ಲಾರಿ ಬಂದು ಅವನ್ನೆಲ್ಲ ಹೇರಿಕೊಂಡು ಹೋಯಿತು.

ನಗರಸಭೆಗೆ ಓಡಿದೆ. ಅಲ್ಲಿನ ಸಾಹೇಬರು ತಮ್ಮ ವರದಿಯನ್ನು ಎತ್ತಿ ತೋರಿಸಿ, "ಅಹೋ ಕಾಕಾ, ತುಮ್ಚಾ ನಳ ಫೇಮಸ್ ಝಾಲಾ!" ಎಂದು ಕೈ ಕುಲುಕಿದರು. ನಳ ಪ್ರಸಿದ್ಧವಾದರೆ ಬೇಳೆ ಬೇಯುತ್ತದೆಯೇ? ಬಾಂಧವ್ಯದಲ್ಲಿ ಸ್ನಾನ ಮಾಡಬಹುದೇ? ಬರಿಗೈಯಲ್ಲಿ ಬಂದವನಿಗೆ ರುದ್ರವ್ವನ ಸ್ವಾಗತ ಕಾದಿತ್ತು: "ಏನ್ರೀ, ರಾಕ್ಷಸನ ದನಿ ಅಲ್ಲೇ ಬಿಟ್ಟು ಬಂದ್ರೇನು? ಮನ್ಯಾಗ ಉಪ್ಪು ಕಮ್ಮಿ ಆದ್ರ ಮಾತ್ರ ಹೊರಗ ಬರ್ತೈತಿ ಅದು!"

ಈಗ ತಿರುಳಿಗೆ ಬರುತ್ತೇನೆ. ನೀಲಗಂಗಾ ಠಾಣೆಯ ಕೈಗಾರಿಕಾ ಬಡಾವಣೆ ವಾಗ್ಳೆ ಎಸ್ಟೇಟಿನಲ್ಲಿ ಸ್ವಿಚ್ಚು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಮನೆತನದಲ್ಲಿ ಬಣ್ಣ ಹಚ್ಚದೆ ಸಂಪಾದಿಸಿದ ಮೊದಲ ಹೆಣ್ಣುಮಗಳು. ಈ ತಿಂಗಳ ಕೊನೆಗೆ ಅವಳನ್ನು ಕಾಯಂ ಮಾಡುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಮೊನ್ನೆ ಮತ್ತೆ ಲೋಕಲ್ ತಪ್ಪಿಸಿಕೊಂಡು ತಡವಾಗಿ ಹೋಗಿದ್ದಳು. ಸಂಜೆ ಬಂದು ಹೊಸ್ತಿಲಲ್ಲೇ ಕೂತಳು.

"ಅಪ್ಪಾ, ಇನ್ನೊಂದ್ ಲೇಟ್ ಮಾರ್ಕ್ ಬಿದ್ರ ನೌಕ್ರಿ ಮರ್ತುಬಿಡು ಅಂದ್ರು ಸೂಪರ್ವೈಜರ್. ನಾ ಏನಂತ ಹೇಳ್ಲಿ? ನಮ್ ನಳದಾಗ ನೀರ್ ಬರೂದಿಲ್ರೀ, ಬಾಂಧವ್ಯ ಬರ್ತೈತಿ ಅಂತ ಹೇಳ್ಲೇನು?"

ನಾನು ಬಿದ್ದು ಬಿದ್ದು ನಕ್ಕೆ. ರುದ್ರವ್ವ ನಕ್ಕಳು. ನೀಲಗಂಗಾ ನಗಲಿಲ್ಲ. ಆ ರಾತ್ರಿಯೇ ಈ ಪತ್ರಕ್ಕೆ ಕೂತೆ.

ಆದ್ದರಿಂದ ನನ್ನ ಬೇಡಿಕೆ: ಈ ತಿಂಗಳು ಮುಗಿಯುವ ಮೊದಲು ನಗರಸಭೆಗೆ ಒಂದೇ ಸಾಲು ಬರೆಯಿರಿ. "ಡೊಂಬಿವಲಿಯವರ ಬಾಂಧವ್ಯ ನಾವು ತಿಳಿದಷ್ಟಿಲ್ಲ, ನಳ ಕೊಡಿ." ಅಷ್ಟೇ. ಬರೆಯಲು ಮನಸ್ಸಿಲ್ಲವೇ? ಹಾಗಾದರೆ ತಾವೇ ದಯಮಾಡಿಸಿ. ನಮ್ಮ ಸರದಿಯಲ್ಲಿ ಡಬ್ಬಿಯಾಗಲಿ, ಇಟ್ಟಿಗೆಯಾಗಲಿ, ಏನನ್ನಿಟ್ಟರೂ ಜಾಗ ನಿಮ್ಮದು. ನೀರು ಬಂದಾಗ ಒಡೆಯ ಎದುರಿಗಿರಬೇಕು, ಇಷ್ಟೇ ಕಾಯಿದೆ. ತಮ್ಮ ಹೆಸರಿನಲ್ಲಿ ನನ್ನ ಹಳೆಯ ತಗಡಿನ ಕಿರೀಟವನ್ನು ನಿನ್ನೆ ರಾತ್ರಿ ನಾನೇ ಇಟ್ಟೆ.

ಇಂದು ಬೆಳಿಗ್ಗೆ ನೀರು ಬಂದಾಗ ಗಿರಿಜವ್ವ ಕೇಳಿದರು: "ಇದ್ಯಾರ್ದ್ರೀ ಕಿರೀಟ?"

"ಡೈರೆಕ್ಟರ್ ಸಾಹೇಬ್ರದು."

"ಬಂದಾರೇನು?"

"ಇಲ್ಲ."

ಕಾಲಿನಿಂದಲೇ ಸರಿಸಿದರು, ಮಾನ್ಯರೇ. ಈ ರಾತ್ರಿ ಮತ್ತೆ ಇಟ್ಟಿದ್ದೇನೆ, ನಾಳೆಯೂ ಇಡುತ್ತೇನೆ. ಒಂದೇ ವಿನಂತಿ: ಬರುವುದಾದರೆ ಚೀಲ ಹಾಕಿಕೊಂಡು ಬರಬೇಡಿ, ಖಾಲಿ ಕೊಡ ಹಿಡಿದು ಬನ್ನಿ. ಅತಿಥಿಯಂತೆ ಬಂದಿರೋ, ಈ ಹೆಂಗಸರು ಮತ್ತೆ ಅಕ್ಕತಂಗಿಯರಾಗಿ ಬಿಡುತ್ತಾರೆ. ನನ್ನ ಮಗಳು ನೌಕರಿ ಕಳೆದುಕೊಳ್ಳುತ್ತಾಳೆ.

ಇಂತಿ,
ತಮ್ಮ ಕಿರೀಟದ ಹಿಂದೆಯೇ ಕೊಡ ಇಟ್ಟು ಕಾದಿರುವ,
ಶಿವಪುತ್ರಪ್ಪ, ನಿವೃತ್ತ ರಾಕ್ಷಸ
ಡೊಂಬಿವಲಿ, ೧೯೭೯