ಟಕ್ ಎನ್ನದ ಡಬ್ಬಿ

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನಿಗೆ,

ನೀನು ಹೋಗಿ ಹದಿನಾರು ದಿನವಾಯಿತು. ನಿನ್ನ ಮಂಚದ ತಲೆದೆಸೆಯಲ್ಲಿ ನಾನು ಜಡಿದಿದ್ದ ಡಬ್ಬಿಯನ್ನು ಇವತ್ತು ಬಿಚ್ಚಿದೆ. ತಪ್ಪು ಸಿಕ್ಕಿತು. ಅದನ್ನು ಮೊದಲು ನಿನಗೇ ಹೇಳಬೇಕು.

ಇಪ್ಪತ್ತು ವರ್ಷ ನೂಲಿನ ಗಿರಣಿಯ ಧೂಳು ಕುಡಿದ ನಿನ್ನ ಎದೆಗೆ ಗಾಳಿ ಸಾಲದಾದಾಗ, ಯಾರೋ ಬಳಸಿ ಬಿಟ್ಟ ಆಮ್ಲಜನಕದ ಯಂತ್ರ ತಂದೆವು. ಅದರ ಎಚ್ಚರಿಕೆಯ ಗಂಟೆ ಮೊದಲೇ ಕೆಟ್ಟಿತ್ತು. ಕರೆಂಟ್ ಹೋದಾಗಲೆಲ್ಲ ನೀನು ಏದುಸಿರು ಬಿಡುತ್ತ ಎದ್ದು, ಪ್ಲಗ್ ಕಿತ್ತು ಪಕ್ಕದಲ್ಲಿಟ್ಟಿದ್ದ ಬ್ಯಾಟರಿಗೆ ಚುಚ್ಚುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು. ಮನುಷ್ಯರ ಉಸಿರು ಯಾರ ದಯೆಗೂ ಕಾಯಬಾರದೆಂದು ಕರಪತ್ರಗಳಲ್ಲಿ ಓದಿದವನು ನಾನು. ಅದಕ್ಕೇ ರಿಲೇ ಎಂಬ, ತಾನಾಗಿಯೇ ಬದಲಾಗುವ ಸ್ವಿಚ್ ಹಾಕಿ ಆ ಡಬ್ಬಿ ಮಾಡಿದೆ. ಹೊರಗಿನ ಕರೆಂಟ್ ಇರುವವರೆಗೆ ರಿಲೇಯ ಸುರುಳಿ ಅಯಸ್ಕಾಂತವಾಗಿ ಒಂದು ಪುಟ್ಟ ನಾಲಿಗೆಯನ್ನು ಎಳೆದು ಹಿಡಿದಿರುತ್ತದೆ. ಕರೆಂಟ್ ಹೋದರೆ ಹಿಡಿತ ಸಡಿಲಿ, ನಾಲಿಗೆ ಬ್ಯಾಟರಿಯ ಕಡೆಗೆ ಬೀಳುತ್ತದೆ. ಟಕ್. ಅಷ್ಟೇ.

ಹತ್ತು ಸಲ ಪ್ಲಗ್ ಕಿತ್ತು ತೋರಿಸಿದೆ. ಹತ್ತು ಸಲವೂ ಟಕ್. ನೀನು ನಕ್ಕೆ. “ನಿನಗಿಂತ ಈ ಡಬ್ಬೀನೇ ವಾಸಿ ಕಣೋ. ಹೇಳಿದ ಕೆಲಸ ಮಾಡುತ್ತೆ, ಭಾಷಣ ಬಿಗಿಯಲ್ಲ.” ಇನ್ನು ನೀನು ಏಳಲೇಬಾರದೆಂದು, ಕೈಯಿಂದ ಬದಲಿಸುವ ಆ ಹಳೇ ಪ್ಲಗ್ಗನ್ನೇ ನಾನು ತೆಗೆದುಹಾಕಿ ಯಂತ್ರವನ್ನು ನೇರ ಡಬ್ಬಿಗೇ ಜೋಡಿಸಿದೆ.

ನಾನು ಕೆಲಸ ಮಾಡುವ ರಿಪೇರಿ ಅಂಗಡಿಯ ಮೇಸ್ತ್ರಿ ಕೇಳಿದ್ದರು: “ಪೂರ್ತಿ ಹೋದ್ರೆ ಸರಿ ಕಣಪ್ಪಾ, ಅರ್ಧಂಬರ್ಧ ಬಂದ್ರೆ? ವೋಲ್ಟೇಜ್ ನೋಡೋ ಬೋರ್ಡ್ ಒಂದು ಹಾಕು.”

“ಅರ್ಧ ಅನ್ನೋದೇ ಇಲ್ಲ ಮೇಸ್ತ್ರಿ. ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ.” ನ್ಯಾಯದ ಬಗ್ಗೆ ಓದಿದ ಸಾಲನ್ನು ತಂತಿಗೂ ಹೊಸೆದುಬಿಟ್ಟಿದ್ದೆ.

“ಅದು ನಿನ್ನ ಪುಸ್ತಕಕ್ಕೆ ಗೊತ್ತು. ಕರೆಂಟಿಗೂ ಗೊತ್ತಿರಬೇಕಲ್ಲ,” ಎಂದಿದ್ದರು.

ನೀನು ಹೋದ ಆ ಮಧ್ಯಾಹ್ನ ನಾನು ಗಿರಣಿಯ ಬಾಗಿಲಲ್ಲಿದ್ದೆ, ನಿನ್ನಂಥವರ ಎದೆಯ ಬಗ್ಗೆಯೇ ಕರಪತ್ರ ಹಂಚುತ್ತ. ಕರೆಂಟ್ ಹೋಗಲಿಲ್ಲ, ವೋಲ್ಟೇಜ್ ಕುಸಿಯಿತು. ನಾಲಿಗೆಯನ್ನು ಎಳೆಯಲು ಸುರುಳಿಗೆ ತುಂಬು ಬಲ ಬೇಕು. ಎಳೆದದ್ದನ್ನು ಹಿಡಿದುಕೊಂಡಿರಲು ಅರ್ಧಕ್ಕಿಂತ ಕಡಿಮೆ ಸಾಕು. ಅದು ಹಿಡಿದೇ ಇತ್ತು. ಯಂತ್ರ ನರಳಿತೇ ಹೊರತು ಗಾಳಿ ಕೊಡಲಿಲ್ಲ. ಪಕ್ಕದಲ್ಲೇ ಬ್ಯಾಟರಿ ತುಂಬಿತ್ತು. ಇವತ್ತು ಅಂಗಡಿಯಲ್ಲಿ ಕರೆಂಟನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಿದೆ. ಜೊತೆಗೆ ಜೋಡಿಸಿದ್ದ ಬಲ್ಬು ಮಂಕಾಗಿ ಆರುವ ಕೆಂಡದಂತೆ ಕೆಂಪಾದರೂ ಡಬ್ಬಿ ಟಕ್ ಎನ್ನಲಿಲ್ಲ.

ಪಕ್ಕದ ಮನೆಯಾಕೆ ಅವತ್ತೇ ಹೇಳಿದ್ದಳು. ದೀಪ ಮಂಕಾದದ್ದು ಕಂಡು ಕಿಟಕಿಯಲ್ಲಿ ಕೂಗಿ ಕೇಳಿದಳಂತೆ. ನೀನು ಮಲಗಿದಲ್ಲಿಂದಲೇ, “ಏನಿಲ್ಲ ಕಣೇ, ಈಗ ಟಕ್ ಅನ್ನುತ್ತೆ. ನನ್ನ ತಮ್ಮ ಮಾಡಿದ್ದು,” ಎಂದೆಯಂತೆ.

ಅಕ್ಕ, ಎಲ್ಲರೂ ವಿದ್ಯುತ್ ಕಚೇರಿಯನ್ನು ಬೈದರು. ನಾನೂ ಅವರ ಮೇಲೆ ಬೆಂಕಿಯಂಥ ಒಂದು ಕರಪತ್ರ ಬರೆದಿಟ್ಟಿದ್ದೆ. ಅವರ ತಪ್ಪನ್ನು ನಾನು ಬಿಡುವವನಲ್ಲ. ಆದರೆ ಈಗ ಅದನ್ನು ಅಚ್ಚಿಗೆ ಕೊಟ್ಟರೆ ನನ್ನ ತಪ್ಪು ಅದರಡಿ ಅಡಗಿ ಕೂರುತ್ತದೆ. ನಾನೇ ಪುಕ್ಕಟೆಯಾಗಿ, ಎದೆಯುಬ್ಬಿಸಿಕೊಂಡು ಹಾಕಿಕೊಟ್ಟ ಇಂಥವೇ ಡಬ್ಬಿಗಳು ಇನ್ನೂ ಹನ್ನೊಂದು ಮನೆಗಳಲ್ಲಿವೆ. ನಿನ್ನಂತೆಯೇ ಯಂತ್ರದ ಗಾಳಿಯಲ್ಲಿ ಉಸಿರಾಡುವ ಹನ್ನೊಂದು ಜನ ಆ ಸದ್ದನ್ನು ನಂಬಿ ಮಲಗಿದ್ದಾರೆ.

ಮೇಸ್ತ್ರಿ ವೋಲ್ಟೇಜ್ ನೋಡುವ ಹನ್ನೊಂದು ಬೋರ್ಡುಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ‘ಸುಮ್ಮನೆ ಡಬ್ಬೀನ ಸ್ವಲ್ಪ ಸುಧಾರಿಸೋಕೆ ಬಂದೆ’ ಎಂದು ಹೇಳಿ ಕೆಲಸ ಮುಗಿಸೋಣವೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮೊದಲ ಮನೆ ನಿನ್ನ ಜೊತೆ ನೂಲು ಸುತ್ತುತ್ತಿದ್ದ ಅತ್ತೆಯದು. ಅವರ ಮೆಟ್ಟಿಲ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಒಳಗೆ ಯಂತ್ರ ಓಡುತ್ತಿರುವುದು ಕೇಳಿಸುತ್ತಿದೆ. “ನಿಮ್ಮಕ್ಕನಿಗೂ ಇದನ್ನೇ ಹಾಕಿದ್ದೆಯಲ್ವೇನೋ?” ಎಂದು ಅವರು ಕೇಳೇ ಕೇಳುತ್ತಾರೆ.

ಹೌದು ಅತ್ತೆ, ಇದನ್ನೇ, ಎನ್ನುತ್ತೇನೆ. ಆಮೇಲೆ ಬೋರ್ಡ್ ಕೂರಿಸಿ, ಇಲ್ಲೂ ನಾನೇ ತೆಗೆದಿದ್ದ ಹಳೇ ಪ್ಲಗ್ಗನ್ನೂ ತಿರುಗಿ ಹಾಕಿ, ಅವರ ಕೈಗೆ ಕೊಟ್ಟು ಕಲಿಸುತ್ತೇನೆ.

ಕ್ಷಮಿಸೆಂದು ಕೇಳಲಾರೆ, ನೀನು ತಕ್ಷಣ ಕ್ಷಮಿಸಿಬಿಡುತ್ತೀಯ. ನಿನ್ನ ಉಸಿರು ಇನ್ನಾದರೂ ಯಾವ ತಂತಿಗೂ ಕಾಯದಿರಲಿ. ಹೋಗಿ ಬಾ ಅಕ್ಕ. ಬಾಗಿಲು ತಟ್ಟುತ್ತೇನೆ.

ಭಾಷಣ ಬಿಗಿಯುವ,
ನಿನ್ನ ತಮ್ಮ