ಒಳಗೆ ಬಂದವರೇ ಮೊದಲು

ಲಿಯೋಂ, ಫ್ರಾನ್ಸ್
ಜುಲೈ 22

ತಮ್ಮ ರತ್ನದೀಪನಿಗೆ,

ಈ ಕಾರ್ಡು ಬರೆಯುವ ಹುಚ್ಚು ನನಗಿಲ್ಲ. ನಮ್ಮ ಹಲಗೆ ಮೇಳದ ಸುಮೇಧಾ, "ಎಲ್ಲಾರೂ ಮನಿಗಿ ಬರೀಲೇಬೇಕ್ರಿ ಕಾಕಾ" ಎಂದು ಪೆನ್ನು ಕೈಗೆ ತುರುಕಿದಳು. ನನ್ನ ಫೋನನ್ನು ನೀನಂತೂ ಎತ್ತುವುದಿಲ್ಲ.

ನಿನ್ನೆ ಬ್ರೆಡ್ಡಿನ ಅಂಗಡಿಗೆ ಹೋಗಿ, ಇದು ಕೊಡು ಎಂದು ಬೆರಳು ತೋರಿಸಿದೆ. ಅಂಗಡಿಯಾಕೆ ಕೊಡದೆ, ಕೈಕಟ್ಟಿ ನನ್ನ ಮುಖವನ್ನೇ ನೋಡುತ್ತ ನಿಂತಳು. "ಏ, ರೊಕ್ಕ ಕೊಡಾಕತ್ತೇನಿ, ಪುಕ್ಕಟ ಕೇಳಾಕತ್ತಿಲ್ಲ!" ಎಂದು ಚೀರಿದೆ. ಸುಮೇಧಾ ಅಂಗಿ ಜಗ್ಗಿ, "ಮೊದಲ ಬೊಂಜೂರ್ ಅನ್ರಿ. ಇಲ್ಲಿ ಒಳಗ ಬಂದವರೇ ಮೊದಲ ನಮಸ್ಕಾರ ಹೇಳಬೇಕು, ವಯಸ್ಸು ನೋಡಂಗಿಲ್ಲ" ಎಂದಳು. ಸಿಟ್ಟು ನುಂಗಿ ಅಂದೆ. ಆಕೆಯೂ ನಗುತ್ತ ಬೊಂಜೂರ್ ಎಂದು ಬ್ರೆಡ್ಡು ಕೊಟ್ಟಳು. ಸಂಜೆಯಾದರೆ ಬೊನ್‌ಸುವಾರ್ ಅನ್ನಬೇಕಂತೆ. ಗೆಳೆಯರಾದರೆ ಗಂಡಸರೂ ಕೆನ್ನೆಗೆ ಕೆನ್ನೆ ಹಚ್ಚುತ್ತಾರೆ. ಅದಕ್ಕೆ ನಾನು ಒಪ್ಪಿಲ್ಲ.

ಮೊಣಕಾಲು ನೋವು ಕಡಿಮೆ. ಜೋಳದ ರೊಟ್ಟಿ ಇಲ್ಲದೆ ಹೊಟ್ಟೆ ತುಂಬುತ್ತಿಲ್ಲ. ಇನ್ನೂ ಮೂರು ಊರಲ್ಲಿ ಹಲಗೆ ಬಾರಿಸುವುದಿದೆ.

ಈಗ ಕೇಳು. ಮೇಳದಲ್ಲಿ ಮುಂದೆ ಯಾರು ನಿಲ್ಲಬೇಕೆಂದು ಜಗಳವಾಡಿ ಬಿಟ್ಟುಹೋದವನು ನೀನು, ಮತ್ತೆ ನನಗೆ ಜೈಭೀಮ್ ಅಂದಿಲ್ಲ. ಚಿಕ್ಕವನೇ ಮೊದಲು ಅನ್ನಲಿ ಎಂದು ನಾನೂ ಅಂದಿಲ್ಲ. ತಪ್ಪು ನಿನ್ನದೇ. ಆದರೂ ಆಗಸ್ಟ್ ಇಪ್ಪತ್ತಕ್ಕೆ ಹುಮನಾಬಾದಿನಲ್ಲಿ ಇಳಿದು, ನೇರ ಬಸವಕಲ್ಯಾಣಕ್ಕೆ ನಿನ್ನ ಮನೆಗೇ ಬರುತ್ತೇನೆ. ಒಳಗೆ ಬರುವವನು ನಾನು, ಆದ್ದರಿಂದ ನಾನೇ ಮೊದಲು ಅನ್ನುತ್ತೇನೆ. ನೀನು ತಿರುಗಿ ಅನ್ನಬೇಕು, ಓಣಿಗೆಲ್ಲ ಕೇಳುವ ಹಾಗೆ.

ಅನ್ನುತ್ತೀಯೋ ಇಲ್ಲವೋ, ಹದಿನೈದನೇ ತಾರೀಖಿನೊಳಗೆ ಸುಮೇಧಾಳ ಫೋನಿಗೆ ಹೇಳು.

ನಿನ್ನ ಅಣ್ಣ,
ಉತ್ತಮ